ಹೊರಸಿನಿಂದ ಕೆರೆಯ ದಂಡೆಯವರೆಗೆ: ಹಿರಿಯರ ನೆನಪು ಕಾಯುವುದು ಹೇಗೆ?

‘ನಿನಗೇಕೆ ಈ ಕೆಲಸ ಆಯಿ, ಸುಮ್ಮನೆ ಕೂಡು’ ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಹಾಗೆ ಕೂಡಿಸಿ ಕೂಡಿಸಿಯೇ ಹಿರಿಯರನ್ನು ಕೆಲಸದಿಂದಲೂ ಮಾತಿನಿಂದಲೂ ದೂರ ಮಾಡಿಬಿಟ್ಟಿದ್ದೇವೆ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ‘ಅರವತ್ತಕ್ಕೆ ಅರಳು ಮರಳು’ ಎಂದು ಕೈಚೆಲ್ಲುವಂಥದ್ದಲ್ಲ. ಬದಲಿಸಬಹುದಾದ 14 ಕಾರಣಗಳನ್ನು ಸರಿಪಡಿಸಿದರೆ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನ ತಜ್ಞರ ಆಯೋಗ 2024ರಲ್ಲಿ ಹೇಳಿದೆ. ಮೈ ಆಡಿಸದಿರುವುದು, ಒಂಟಿತನ ಎರಡೂ ಆ ಪಟ್ಟಿಯಲ್ಲಿವೆ.

ಮೊದಲು ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಭ್ಯಾಸ ತಪ್ಪಿದವರು ಹತ್ತು ನಿಮಿಷದಿಂದ ಶುರು ಮಾಡಲಿ. ನಡೆಯುತ್ತ ಮಾತನಾಡಲು ಬರಬೇಕು, ಹಾಡಲು ಬರಬಾರದು. ಅದೇ ಸರಿಯಾದ ವೇಗ. ಕಲಬುರಗಿಯ ಬಿಸಿಲು ಎಲ್ಲರೂ ಬಲ್ಲರು. ಏಪ್ರಿಲ್, ಮೇ ತಿಂಗಳಲ್ಲಿ ಅಪ್ಪನ ಕೆರೆಯ ದಂಡೆಗೆ ನಸುಕಿನಲ್ಲೇ ಹೋಗಿ, ಏಳರೊಳಗೆ ಮನೆ ಸೇರಬೇಕು. ವಾರಕ್ಕೆ ಮೂರು ದಿನ, 40 ನಿಮಿಷದಂತೆ ಒಂದು ವರ್ಷ ನಡೆದ ಹಿರಿಯರ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗ ಸುಮಾರು ಶೇ 2ರಷ್ಟು ಹಿಗ್ಗಿದ್ದನ್ನು 2011ರ ಅಧ್ಯಯನವೊಂದು ತೋರಿಸಿತು.

ಕಾಲಿಗೆ ಬಲವೂ ಬೇಕು. ವಾರದಲ್ಲಿ ಮೂರು ದಿನ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು ಸಾಕು.

ಇನ್ನು ಜನರ ಒಡನಾಟ. ನಾವು ಕಡೆಗಣಿಸಿರುವುದು ಇದನ್ನೇ. ನಡಿಗೆಗೆ ಓಣಿಯ ಗೆಳೆಯರೊಬ್ಬರನ್ನು ಜೊತೆ ಮಾಡಿ. ಬಿಟ್ಟುಹೋದ ಭಜನೆಗೆ ಮತ್ತೆ ಕಳಿಸಿ. ಆಯಿಗೆ ರೊಟ್ಟಿ ಕಲಿಸಲು ಹೇಳಿ. ಬಿಸಿನೀರಿನಲ್ಲಿ ಹಿಟ್ಟು ನಾದಿ, ಅಂಗೈಯಿಂದ ಬಡಿಯುತ್ತ ತಿರುಗಿಸಿ, ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆ ಸವರುವಾಗ ಅವಳ ಕಣ್ಣು, ಕೈ, ನೆನಪು ಎಲ್ಲವೂ ದುಡಿಯುತ್ತವೆ. ಅಂಚು ಹರಿಯುವುದು ಅವಳ ಬೆರಳಿಗೆ ಮೊದಲೇ ತಿಳಿಯುತ್ತದೆ. ನಿಧಾನವಾಯಿತೆಂದು ಹಿಟ್ಟನ್ನು ಕಸಿದುಕೊಳ್ಳಬೇಡಿ. ಮುತ್ಯಾನಿಗೆ ‘ಊಟ ಆಯಿತೇ’ ಎಂದಷ್ಟೇ ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಆಗೆಲ್ಲ ತೊಗರಿ ರಾಶಿ ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿ ನೋಡಿ.

ಆತ ಮಾತೇ ಬಿಟ್ಟಿದ್ದರೆ ಮುನಿಸೆಂದು ತಿಳಿಯಬೇಡಿ, ಕಿವಿ ಪರೀಕ್ಷೆ ಮಾಡಿಸಿ. ಕಿವಿ ಮಂದವಾಗುವುದು, ಚಿಕಿತ್ಸೆ ಸಿಗದ ದೃಷ್ಟಿದೋಷ, ಬಿಪಿ, ಸಕ್ಕರೆ ಕಾಯಿಲೆ ಸಹ ಲ್ಯಾನ್ಸೆಟ್ ಆಯೋಗದ ಆ 14 ಕಾರಣಗಳ ಪಟ್ಟಿಯಲ್ಲಿವೆ.

ಇಷ್ಟೆಲ್ಲ ಮಾಡಿದರೂ ಕಾಯಿಲೆ ಬಾರದೆಂಬ ಖಾತ್ರಿಯಿಲ್ಲ. ಹುಟ್ಟಿ ಬೆಳೆದ ಓಣಿಯಲ್ಲೇ ದಾರಿ ತಪ್ಪಿದರೆ, ಚಿಲ್ಲರೆ ಎಣಿಸಲು ತಡವರಿಸಿದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ವೈದ್ಯರಿಗೆ ತೋರಿಸಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಕೆಲವು ಮಾತ್ರೆಗಳೂ ಬುದ್ಧಿಗೆ ಮಂಕು ಕವಿಸುತ್ತವೆ. ಹಾಗಾಗಿ ಹೋಗುವಾಗ ಮನೆಯಲ್ಲಿ ಅವರು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.