ಕಾರವಾರ ಬಂದರಿನಲ್ಲಿ ಭದ್ರತಾ ಡ್ರಿಲ್ ನಡೆಸುವುದು ಹೇಗೆ

2004ರ ಜುಲೈ 1ರಿಂದ ಜಾರಿಯಲ್ಲಿರುವ ಐಎಸ್‌ಪಿಎಸ್ ಕೋಡ್ (ಹಡಗು ಮತ್ತು ಬಂದರುಗಳ ಭದ್ರತೆಯ ಅಂತರರಾಷ್ಟ್ರೀಯ ನಿಯಮಾವಳಿ) ಪ್ರಕಾರ, ವಿದೇಶಿ ಹಡಗು ತಂಗುವ ಧಕ್ಕೆಯಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ಡ್ರಿಲ್ ಆಗಬೇಕು. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಮಾಡುವ ದೊಡ್ಡ ಎಕ್ಸರ್‌ಸೈಜ್ ಬೇರೆ. ಒಂದರಿಂದ ಇನ್ನೊಂದಕ್ಕೆ 18 ತಿಂಗಳು ದಾಟುವಂತಿಲ್ಲ. ಡ್ರಿಲ್‌ಗೆ ಭದ್ರತಾ ಯೋಜನೆಯ ಒಂದೇ ಭಾಗ ಸಾಕು. ಎಲ್ಲವನ್ನೂ ಒಟ್ಟಿಗೆ ಹಿಡಿದರೆ ತಪ್ಪಿದ್ದು ಎಲ್ಲಿ ಎಂದೇ ತಿಳಿಯದು.

ಕಾರವಾರದಲ್ಲಿ ಮೊದಲು ನೋಡಬೇಕಾದದ್ದು ಸಮುದ್ರದ ಬದಿಯನ್ನು. ಗೇಟಿನಲ್ಲಿ ಪಾಸು, ರಿಜಿಸ್ಟರು ಇರುತ್ತವೆ. ಆದರೆ ಪಕ್ಕದಲ್ಲೇ ಬೈತಖೋಲ ಮೀನುಗಾರಿಕೆ ಬಂದರು. ಹೋಗಿಬರುವ ಬೋಟುಗಳ ನಡುವೆ ಹಡಗಿನತ್ತ ತಿರುಗಿದ್ದು ಯಾವುದೆಂದು ಕಾವಲಿನವರು ಕಣ್ಣಲ್ಲೇ ಗುರುತಿಸಬೇಕು. ಜೂನ್–ಜುಲೈನ ಮೀನುಗಾರಿಕೆ ನಿಷೇಧದಲ್ಲಿ ಈ ಡ್ರಿಲ್ ಬೇಡ, ಖಾಲಿ ನೀರಿನಲ್ಲಿ ಯಾರಿಗಾದರೂ ಕಾಣುತ್ತದೆ.

ಹಡಗಿನತ್ತ ನುಗ್ಗುವ ಅಪರಿಚಿತ ಬೋಟಿನ ಪಾತ್ರಕ್ಕೆ ಪರಿಚಯದ ಬೋಟೊಂದನ್ನು ಗೊತ್ತುಮಾಡಿ. ಅದರ ನೋಂದಣಿ ಸಂಖ್ಯೆ, ಸಮಯ, ಸಂಪರ್ಕದ ಫೋನ್ ಬರೆದು ಕರಾವಳಿ ಕಾವಲು ಪೊಲೀಸ್, ಕೋಸ್ಟ್ ಗಾರ್ಡ್, ನೌಕಾಪಡೆಗೆ ಮೊದಲೇ ತಿಳಿಸಿ. ಐಎನ್‌ಎಸ್ ಕದಂಬ ನೌಕಾನೆಲೆ ಇರುವ ಕಡೆ ಹೇಳದೆ ಬೋಟು ಬಿಟ್ಟರೆ ಅದನ್ನು ನಿಜವೆಂದೇ ತಿಳಿಯುತ್ತಾರೆ. ಬಂದೂಕು ಹಿಡಿದ ಸಿಬ್ಬಂದಿಗೂ, ಹಡಗಿನ ಭದ್ರತಾ ಅಧಿಕಾರಿಗೂ ಹೇಳಲೇಬೇಕು. ಹಡಗಿನಿಂದ ಬಿಸಿ ಬಿಟುಮೆನ್ (ಡಾಂಬರು) ಇಳಿಯುತ್ತಿದ್ದರೆ ಮುಂದೂಡಿ. ಹೋಸ್ ಹಾಕಿರುವಾಗ ಧಕ್ಕೆಯಲ್ಲಿ ಓಡಾಟ ಅಪಾಯ.

ಧಕ್ಕೆಯಲ್ಲಿ ಒಬ್ಬರು, ಕಂಟ್ರೋಲ್ ರೂಮಿನಲ್ಲಿ ಒಬ್ಬರು ಗಡಿಯಾರ ಹಿಡಿದು ನಿಲ್ಲಲಿ. ಬೋಟು ಮೊದಲು ಯಾರ ಕಣ್ಣಿಗೆ ಬಿತ್ತು, ಪಿಎಫ್‌ಎಸ್‌ಒಗೆ (ಬಂದರಿನ ಭದ್ರತಾ ಅಧಿಕಾರಿ) ಸುದ್ದಿ ಯಾವಾಗ ಮುಟ್ಟಿತು, ಗ್ಯಾಂಗ್‌ವೇ (ಹಡಗು ಹತ್ತುವ ಏಣಿದಾರಿ) ಕಾವಲಿಗೆ ಯಾವಾಗ ಎಂದು ಬರೆದುಕೊಳ್ಳಲಿ. ರೇಡಿಯೊದ ಪ್ರತಿ ಮಾತೂ 'ಡ್ರಿಲ್' ಎಂದೇ ಶುರುವಾಗಲಿ. ಶಿಫ್ಟ್ ಬದಲಾಗುವ ಹೊತ್ತನ್ನೇ ಆರಿಸಿಕೊಳ್ಳಿ, ಕೊರತೆ ಹೊರಬೀಳುವುದು ಆಗಲೇ: ಚಾರ್ಜ್ ಇಲ್ಲದ ವಾಕಿಟಾಕಿ, ಗೋಡೆಯ ಮೇಲೆ ವರ್ಗವಾಗಿ ಹೋದ ಅಧಿಕಾರಿಯ ನಂಬರು, 'ಹಿಂದಿನವರು ಹೇಳಿರಬಹುದು' ಎಂದು ಸುಮ್ಮನಾದ ಕಾವಲುಗಾರ.

ಭದ್ರತಾ ಹಂತ 1 (ಸಾಮಾನ್ಯ), 2 (ಹೆಚ್ಚಿದ ಅಪಾಯ), 3ನ್ನು (ದಾಳಿ ಸನ್ನಿಹಿತ) ನಿಗದಿಮಾಡುವುದು ಸರ್ಕಾರ, ಪಿಎಫ್‌ಎಸ್‌ಒ ಅಲ್ಲ. ಹಂತ 2ರ ಕ್ರಮಗಳನ್ನು ಅಭ್ಯಾಸ ಮಾಡಿ, ಆದರೆ ಹಂತ ಏರಿತೆಂದು ನಿಜವಾದ ಲಾಗ್‌ನಲ್ಲಿ ಬರೆಯಬೇಡಿ. ಭದ್ರತಾ ತಪಾಸಣೆಯಲ್ಲಿ ಇದು ದೊಡ್ಡ ಗೊಂದಲವಾಗುತ್ತದೆ.

ವರದಿಯಲ್ಲಿ ದಿನಾಂಕ, ಪಾಲ್ಗೊಂಡವರು, ಕೊರತೆ, ಅದನ್ನು ಸರಿಪಡಿಸುವವರ ಹೆಸರು, ಗಡುವು ಇರಲಿ. 'ಎಲ್ಲವೂ ತೃಪ್ತಿಕರ' ಎಂಬ ವರದಿಯಿಂದ ಬಂದರಿಗೆ ಯಾವ ಉಪಯೋಗವೂ ಇಲ್ಲ. ವರದಿ, ಫೋಟೊ ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹೋಗಬಾರದು, ಬೀಗದ ಕಪಾಟಿನಲ್ಲಿಡಿ. ಮುಂದಿನ ಡ್ರಿಲ್‌ನಲ್ಲಿ ಇದೇ ಕೊರತೆಯನ್ನು ಬೇರೆ ಶಿಫ್ಟಿನವರ ಮೇಲೆ ಪರೀಕ್ಷಿಸಿ.