ದಿನದಿನದ ಓಟಕ್ಕೆ ಒಂದು ಮೆತ್ತನೆ ಶೂ: 600 ಕಿಲೋಮೀಟರ್ ಓಡಿ ನೋಡಿದ್ದು

ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿದರೆ ಯಾವ ಶೂ ಆದರೂ ಚೆನ್ನಾಗಿಯೇ ಇರುತ್ತದೆ. ಮೆತ್ತನೆಯದಾದರಂತೂ ಕಾಲಿಟ್ಟ ಕೂಡಲೇ ಹಾಯೆನಿಸುತ್ತದೆ. ನನ್ನ ಮೊದಲ ಮೂರು ಜೊತೆ ಶೂಗಳನ್ನು ಆ ಹಾಯೆನ್ನುವ ಒಂದು ಕ್ಷಣ ನಂಬಿಯೇ ತಗೊಂಡಿದ್ದೆ. ಒಂದೇ ಓಟದಲ್ಲಿ 12 ಕಿ.ಮೀ. ದಾಟಿದ ಮೇಲೆ ಮೂರೂ ನನಗೆ ಒಗ್ಗಲಿಲ್ಲ. ಒಂದರಲ್ಲಿ ಹಿಮ್ಮಡಿ ಹೂತುಹೋದಂತಾಗಿ ಕಾಲು ಅತ್ತಿತ್ತ ವಾಲುತ್ತಿತ್ತು. ಇನ್ನೊಂದರಲ್ಲಿ ಕಿರುಬೆರಳಿನ ಪಕ್ಕ ಪ್ರತಿ ಭಾನುವಾರ ಗುಳ್ಳೆ ಏಳುತ್ತಿತ್ತು. ಮತ್ತೊಂದು ಮೂರೇ ತಿಂಗಳಲ್ಲಿ ಹಲಗೆಯಂತಾಯಿತು.

ಹಾಗಾಗಿ ನಾಲ್ಕನೆಯ ಜೊತೆಯ ವಿಷಯದಲ್ಲಿ ಒಂದು ನಿರ್ಧಾರ ಮಾಡಿದೆ. ಮೊದಲ ದಿನವೇ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ತೀರ್ಪು ಕೊಡುವುದಿಲ್ಲ. ಆದಷ್ಟೂ ಅದೇ ದಾರಿ, ಅದೇ ಸಾಕ್ಸ್, ಓಡಿದ ಕೂಡಲೇ ಎರಡು ಸಾಲು ಟಿಪ್ಪಣಿ. ಮರುದಿನ ಬೆಳಿಗ್ಗೆ ಮಂಚದಿಂದ ಇಳಿದಾಗ ಕಾಲು ಏನು ಹೇಳಿತು ಅನ್ನುವುದಕ್ಕೆ ಇನ್ನೊಂದು ಸಾಲು. ಕೊನೆಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಈ ಮೂರನೆಯ ಸಾಲೇ.

ನಾನು ವಾರಕ್ಕೆ ಐದು ದಿನ, ಸುಮಾರು 45 ಕಿ.ಮೀ. ಓಡುತ್ತೇನೆ. ಅದರಲ್ಲಿ ಮೂರು ದಿನ ಮಾತಾಡಿಕೊಂಡು ಓಡಬಹುದಾದಷ್ಟು ನಿಧಾನ. ಒಂದು ದಿನ ವೇಗ, ಒಂದು ದಿನ ದೂರ. ಈ ಎಲ್ಲದಕ್ಕೂ ಒಂದೇ ಶೂ ಸಾಕಾಗುತ್ತದಾ ಅಂತ ನೋಡಬೇಕಿತ್ತು. ನಿಧಾನದ ಓಟದಲ್ಲಿ ಒಂದು ಕಿಲೋಮೀಟರಿಗೆ ಸುಮಾರು ಸಾವಿರ ಹೆಜ್ಜೆ ಬೀಳುತ್ತವೆ, ಅಂದರೆ ಒಂದೊಂದು ಕಾಲಿಗೆ ಐನೂರು. ಪ್ರತಿ ಹೆಜ್ಜೆಗೂ ಮೈತೂಕದ ಎರಡೂವರೆ ಪಟ್ಟಿನ ಆಸುಪಾಸು ಭಾರ ಕಾಲಿನ ಮೇಲೆ ಬೀಳುತ್ತದೆ. ಹತ್ತು ಕಿಲೋಮೀಟರಿಗೆ ಅದು ಐದು ಸಾವಿರ ಸಲ. ಒಂದು ಹೊಲಿಗೆ ಕೂದಲೆಳೆಯಷ್ಟು ಎದ್ದಿದ್ದರೂ ಐದು ಸಾವಿರ ಸಲ ಉಜ್ಜಿದರೆ ಚರ್ಮ ಸುಮ್ನಿರುತ್ತದಾ?

ಓಡುವ ಮೊದಲು ಮೇಜಿನ ಮೇಲಿಟ್ಟು ಶೂ ನೋಡಿದೆ. ಹಿಂದಿನಿಂದ ನೋಡಿದಾಗ ಎರಡೂ ನೆಟ್ಟಗೆ ನಿಂತಿದ್ದವು. ಇದನ್ನು ನೋಡುವುದು ಮುಖ್ಯ, ಅಂಟಿಸುವಾಗ ಸ್ವಲ್ಪ ವಾಲಿದ ಶೂಗಳು ಬರುವುದುಂಟು. ಎರಡೂ ತುದಿ ಹಿಡಿದು ಬಗ್ಗಿಸಿದೆ. ಬೆರಳಿನ ಬುಡ ಎಲ್ಲಿ ಬರುತ್ತದೋ ಅಲ್ಲೇ ಬಗ್ಗಿತು, ನಡುವೆ ಮಡಚಲಿಲ್ಲ. ಹಿಮ್ಮಡಿಯ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿತ್ತು, ಆದರೆ ಮೇಲಿನ ಅಂಚು ಮೆತ್ತಗಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ಎಡಗಾಲಿನದು 284 ಗ್ರಾಂ, ಬಲಗಾಲಿನದು 287. ಕಂಪನಿ ಹೇಳಿದ್ದಕ್ಕಿಂತ ಇದು ಜಾಸ್ತಿ, ಆದರೆ ಅವರು ಬರೆಯುವುದು ಯಾವುದೋ ಒಂದು ಸೈಜಿನ ತೂಕ. ಕಾಲು ದೊಡ್ಡದಿದ್ದರೆ ತೂಕವೂ ಏರುತ್ತದೆ.

ಆಮೇಲೆ ಒಳಗಿನ ಮೆತ್ತೆಯನ್ನು ಹೊರಗೆ ತೆಗೆದು ನೆಲಕ್ಕಿಟ್ಟು ಅದರ ಮೇಲೆ ನಿಂತೆ. ಈ ಒಂದು ಕೆಲಸವನ್ನು ಎಲ್ಲರೂ ಮಾಡಬೇಕು ಅಂತ ನನಗೆ ಬಹಳ ಅನ್ನಿಸುತ್ತದೆ. ಶೂ ಒಳಗೆ ಕಾಲು ಹೋದ ಮೇಲೆ ಏನಾಗುತ್ತಿದೆ ಅಂತ ಕಾಣುವುದಿಲ್ಲ, ಮೆತ್ತೆಯ ಮೇಲೆ ನಿಂತರೆ ಎಲ್ಲ ಕಾಣುತ್ತದೆ. ಮೈಭಾರ ಪೂರ್ತಿ ಬಿಟ್ಟಾಗ ನನ್ನ ಪಾದ ಅಗಲವಾಗುವುದು ಕಣ್ಣಿಗೆ ಕಂಡಿತು. ಬಲಗಾಲಿನ ಕಿರುಬೆರಳು ಅಂಚನ್ನು ಮುಟ್ಟಿತು, ಆಚೆ ಹೋಗಲಿಲ್ಲ. ಹಳೆಯ ಶೂವಿನ ಮೆತ್ತೆಯ ಮೇಲೆ ನಿಂತು ನೋಡಿದರೆ ಅದೇ ಬೆರಳು ಅರ್ಧ ಹೊರಗಿತ್ತು. ಪ್ರತಿ ಭಾನುವಾರದ ಗುಳ್ಳೆಗೆ ಕಾರಣ ಅಲ್ಲೇ ಸಿಕ್ಕಿತು. ಉದ್ದವನ್ನು ಸಂಜೆ ನೋಡಿದೆ, ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿಕೊಂಡಿರುತ್ತದಲ್ಲ. ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಅದನ್ನು ಅತಿ ಉದ್ದದ ಬೆರಳಿನಿಂದ ಅಳೆಯಬೇಕು. ನನ್ನದು ಎರಡನೆಯ ಬೆರಳು.

ಅಟ್ಟೆಯ ಎತ್ತರ ಹಿಮ್ಮಡಿಯ ಕೆಳಗೆ 36 ಮಿ.ಮೀ., ಮುಂದೆ 28. ಈ ಎರಡರ ನಡುವಿನ 8 ಮಿ.ಮೀ. ಅಂತರಕ್ಕೆ ಡ್ರಾಪ್ ಅನ್ನುತ್ತಾರೆ. ಡ್ರಾಪ್ ಕಡಿಮೆಯಾದಷ್ಟೂ ಮೀನಖಂಡಕ್ಕೂ ಅದನ್ನು ಹಿಮ್ಮಡಿಗೆ ಕಟ್ಟುವ ಸ್ನಾಯುರಜ್ಜುವಿಗೂ ಕೆಲಸ ಜಾಸ್ತಿ, ಹೆಚ್ಚಿದಷ್ಟೂ ಮಂಡಿಯ ಕಡೆಗೆ ಭಾರ ಸರಿಯುತ್ತದೆ. ನನ್ನ ಹಳೆಯದು 10 ಮಿ.ಮೀ. ಆಗಿತ್ತು. ಎರಡೇ ಮಿಲಿಮೀಟರ್ ವ್ಯತ್ಯಾಸವಾದರೂ ಮೊದಲ ವಾರ ಮೀನಖಂಡ ಬಿಗಿದುಕೊಂಡದ್ದು ಟಿಪ್ಪಣಿಯಲ್ಲಿದೆ. ಅದಕ್ಕೇ ಹೊಸ ಶೂವನ್ನು ಎರಡು ವಾರ ಹಳೆಯದರ ಜೊತೆ ದಿನ ಬಿಟ್ಟು ದಿನ ಹಾಕಿದೆ. ರಸ್ತೆ ಓಟದ ಸ್ಪರ್ಧೆಗಳಲ್ಲಿ ಅಟ್ಟೆ 40 ಮಿ.ಮೀ. ದಾಟಬಾರದು ಅಂತ ಜಾಗತಿಕ ಅಥ್ಲೆಟಿಕ್ಸ್ ಸಂಸ್ಥೆಯಾದ ವರ್ಲ್ಡ್ ಅಥ್ಲೆಟಿಕ್ಸ್ 2020ರಲ್ಲಿ ನಿಯಮ ಮಾಡಿತು. ಅಭ್ಯಾಸದ ಓಟಕ್ಕೆ ಅದು ಲೆಕ್ಕಕ್ಕಿಲ್ಲ, ಆದರೂ ಎತ್ತರ ಏರಿದಂತೆ ಕಾಲು ಹೊರಳುವ ಭಯವೂ ಏರುತ್ತದೆ. ಅಗಲವಾದ ತಳ ಇದ್ದರೆ ಮಾತ್ರ ಆ ಎತ್ತರ ನನಗೆ ಒಪ್ಪಿಗೆ.

ಮೆತ್ತಗಿರುವುದರ ಬಗ್ಗೆ ಒಂದು ಮಾತು. ಮೆತ್ತಗಿದ್ದಷ್ಟೂ ಕಾಲಿಗೆ ಪೆಟ್ಟು ಕಡಿಮೆ ಅಂತ ನಾನೂ ಬಹಳ ದಿನ ನಂಬಿದ್ದೆ. ದೇಹ ಅಷ್ಟು ಸರಳವಲ್ಲ. ಕಾಲಡಿ ಮೆತ್ತಗಾದರೆ ಕಾಲು ತಾನಾಗಿಯೇ ಬಿಗಿಯಾಗುತ್ತದೆ, ಕಾಲಡಿ ಗಟ್ಟಿಯಾದರೆ ಮಂಡಿ ಸ್ವಲ್ಪ ಜಾಸ್ತಿ ಬಗ್ಗುತ್ತದೆ. ಹಾಗಾಗಿ ತೀರಾ ಮೆತ್ತನೆಯ ಶೂ ಆರಾಮ ಕೊಟ್ಟಂತೆ ಕಂಡರೂ ಒಳಗೊಳಗೆ ಸ್ನಾಯುಗಳಿಂದ ಕೆಲಸ ತೆಗೆಯುತ್ತಿರುತ್ತದೆ. ಅಟ್ಟೆಯಲ್ಲಿರುವ ಮೆತ್ತನೆಯ ಫೋಮ್ ಅಮುಕಿಕೊಂಡ ಮೇಲೆ ವಾಪಸ್ ಏಳಬೇಕು. ನನಗೆ ಬೇಕಿದ್ದುದು ಆ ಏಳುವ ಗುಣ. ದಿನಬಳಕೆಯ ಶೂಗಳಲ್ಲಿ ಹೆಚ್ಚಾಗಿ ಇವಿಎ ಅನ್ನುವ ಪ್ಲಾಸ್ಟಿಕ್ ಅಥವಾ ಅದರ ಮಿಶ್ರಣದ ಫೋಮ್ ಇರುತ್ತದೆ. ಸ್ಪರ್ಧೆಯ ಶೂಗಳಲ್ಲಿ ಬರುವ ಪೀಬಾ ಫೋಮ್ ಇನ್ನೂ ಹಗುರ, ಪುಟಿತವೂ ಜಾಸ್ತಿ. ನನ್ನ ಶೂವಿನದು ಇವಿಎ ಮಿಶ್ರಣ. ಇವಿಎ ಚಳಿಗೆ ಗಟ್ಟಿಯಾಗುತ್ತದೆ. ಚಳಿಯ ಬೆಳಗಿನಲ್ಲಿ ಮೊದಲ ಕಿಲೋಮೀಟರ್ ಬೇರೆಯೇ ಶೂ ಹಾಕಿದಂತಿರುತ್ತಿತ್ತು, ಆಮೇಲೆ ಹದಕ್ಕೆ ಬರುತ್ತಿತ್ತು.

ಮೊದಲ ಎರಡು ಓಟ, 5 ಮತ್ತು 8 ಕಿ.ಮೀ., ಏನೂ ತೊಂದರೆಯಿಲ್ಲದೆ ಮುಗಿದವು. ಮೂರನೆಯ ಓಟದ ಒಂಬತ್ತನೆಯ ಕಿಲೋಮೀಟರಿನಲ್ಲಿ ಬಲಪಾದದ ಮೇಲ್ಭಾಗ ಜುಮ್ಮೆನ್ನತೊಡಗಿತು. ಹತ್ತನೆಯದಕ್ಕೆ ಎರಡು ಬೆರಳು ಮರಗಟ್ಟಿದವು. ನಿಂತು ಲೇಸ್ ಸಡಿಲ ಮಾಡಿದೆ, ಐದು ನಿಮಿಷದಲ್ಲಿ ಸರಿಹೋಯಿತು. ಆದರೆ ಸಡಿಲವಾದ ಶೂನಲ್ಲಿ ಹಿಮ್ಮಡಿ ಏಳತೊಡಗಿತು. ಶೂವನ್ನೇ ಬದಲಿಸಬೇಕೇನೋ ಅಂದುಕೊಂಡೆ.

ಮನೆಗೆ ಬಂದು ಸಾಕ್ಸ್ ತೆಗೆದು ನೋಡಿದರೆ ಪಾದದ ನೆತ್ತಿಯ ಮೇಲೆ, ಮೂಳೆ ಎದ್ದಿರುವ ಕಡೆ, ಲೇಸಿನ ಗುರುತು ಕೆಂಪಗೆ ಗುಣಾಕಾರದ ಚಿಹ್ನೆಯಂತೆ ಮೂಡಿತ್ತು. ಈ ಶೂವಿನ ನಾಲಿಗೆ, ಅಂದರೆ ಲೇಸಿನ ಅಡಿಯಲ್ಲಿರುವ ಪಟ್ಟಿ, ತೆಳ್ಳಗಿದೆ. ಸರಿಯಾಗಿ ಆ ಮೂಳೆಯ ಮೇಲೆಯೇ ಲೇಸ್ ಅಡ್ಡ ಹಾಯುತ್ತಿತ್ತು, ಅದರ ಅಡಿಯ ನರ ಒತ್ತಿಕೊಳ್ಳುತ್ತಿತ್ತು. ಲೇಸನ್ನು ಮೂರನೆಯ ತೂತಿನವರೆಗೆ ಬಿಚ್ಚಿದೆ. ಗುರುತಿದ್ದ ಕಡೆ ಅಡ್ಡ ಹಾಯಿಸದೆ, ಎಡದ್ದನ್ನು ಎಡಗಡೆಯೇ, ಬಲದ್ದನ್ನು ಬಲಗಡೆಯೇ ನೇರವಾಗಿ ಮೇಲಿನ ತೂತಿಗೆ ಏರಿಸಿದೆ. ಅಲ್ಲೊಂದು ಕಿಟಕಿಯಷ್ಟು ಜಾಗ ಬಿಟ್ಟಂತಾಯಿತು. ಅಲ್ಲಿಂದ ಮೇಲೆ ಮತ್ತೆ ಅಡ್ಡ ಹಾಕಿದೆ.

ಹಿಮ್ಮಡಿ ಏಳದಂತೆ ಮಾಡಲು ಕಟ್ಟಕಡೆಯ ತೂತು ಬಳಸಿದೆ. ಎಷ್ಟೋ ಜನ ಅದನ್ನು ಖಾಲಿ ಬಿಟ್ಟಿರುತ್ತಾರೆ. ಲೇಸಿನ ತುದಿಯನ್ನು ಹೊರಗಿನಿಂದ ಆ ತೂತಿನ ಒಳಗೆ ತೂರಿಸಿ, ಪೂರ್ತಿ ಎಳೆಯದೆ ಚಿಕ್ಕ ಕುಣಿಕೆ ಉಳಿಸಬೇಕು. ಎರಡೂ ಕಡೆ ಹೀಗೆ ಮಾಡಿ, ಎಡದ ತುದಿಯನ್ನು ಬಲದ ಕುಣಿಕೆಗೂ ಬಲದ ತುದಿಯನ್ನು ಎಡದ ಕುಣಿಕೆಗೂ ತೂರಿಸಿ, ಕೆಳಮುಖವಾಗಿ ಎಳೆದು ಗಂಟು ಹಾಕಬೇಕು. ಹಿಮ್ಮಡಿ ಹಿಂದಕ್ಕೆ ಹೋಗಿ ಕೂತಿದ್ದು ಗೊತ್ತಾಗುತ್ತದೆ. ಆಮೇಲೆ ಮುಂಭಾಗವನ್ನು ಎಷ್ಟು ಸಡಿಲ ಬಿಟ್ಟರೂ ನಡೆಯುತ್ತದೆ. ಅಲ್ಲಿಂದ ಇಲ್ಲಿಯವರೆಗೆ ಒಂದು ಸಲವೂ ಬೆರಳು ಮರಗಟ್ಟಿಲ್ಲ.

ನಾಲ್ಕನೆಯ ವಾರ 18 ಕಿ.ಮೀ. ಓಡಿದೆ. ದಿನಬಳಕೆಯ ಶೂವಿನ ಯೋಗ್ಯತೆ ಗೊತ್ತಾಗುವುದು ಕೊನೆಯ ನಾಲ್ಕು ಕಿಲೋಮೀಟರಿನಲ್ಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾಲು ಚೆನ್ನಾಗಿರುವಾಗ ಯಾವ ಶೂನಲ್ಲಾದರೂ ಓಡಬಹುದು. ಸುಸ್ತಾದಾಗ ಹೆಜ್ಜೆ ಕೆಡುತ್ತದೆ, ಸೊಂಟ ಇಳಿಯುತ್ತದೆ, ಪಾದ ಒಳಕ್ಕೆ ಬೀಳುತ್ತದೆ. ಆಗ ಶೂ ಹಿಡಿದು ನಿಲ್ಲಿಸುತ್ತದಾ, ಇಲ್ಲ ತಾನೂ ಜೊತೆಗೆ ಕುಸಿಯುತ್ತದಾ? 15ನೆಯ ಕಿಲೋಮೀಟರಿನಿಂದ ನಾನು ಬರೀ ಸದ್ದು ಕೇಳಿಸಿಕೊಂಡು ಓಡಿದೆ. ಎಡ ಬಲ ಎರಡೂ ಒಂದೇ ಸಮ, ಮೆಲ್ಲಗೆ. ಕೊನೆಯ ಕಿಲೋಮೀಟರಿನಲ್ಲಿ ಎಡಗಾಲು ಸ್ವಲ್ಪ ಜೋರಾಯಿತು, ಅದು ನನ್ನ ಎಡ ಸೊಂಟದ ಹಳೆಯ ದೌರ್ಬಲ್ಯ. ಹಿಮ್ಮಡಿ ಮಾತ್ರ ಒಂದು ಸಲವೂ ವಾಲಲಿಲ್ಲ. ಮರುದಿನ ಮೆಟ್ಟಿಲಿಳಿಯುವಾಗ ತೊಡೆ ಹಿಡಿದಿತ್ತು, ಮಂಡಿ ಸುಮ್ಮನಿತ್ತು. ಹಿಂದಿನ ಶೂಗಳಲ್ಲಿ ಮಂಡಿಯೇ ಮೊದಲು ದೂರು ಕೊಡುತ್ತಿತ್ತು.

ವೇಗದ ದಿನ ಇಷ್ಟು ಖುಷಿ ಕೊಡಲಿಲ್ಲ. ಇಪ್ಪತ್ತು ನಿಮಿಷದ ಟೆಂಪೊ ಓಟಕ್ಕೆ, ಅಂದರೆ ಒಂದೇ ಸಮ ಜೋರಾಗಿ ಓಡುವುದಕ್ಕೆ, ಅಡ್ಡಿಯಿಲ್ಲ, ಒಂದು ಲಯಕ್ಕೆ ಬಿದ್ದ ಮೇಲೆ ಶೂ ಮರೆತೇಹೋಗುತ್ತದೆ. ಆದರೆ 400 ಮೀಟರಿನ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ವೇಗವಾಗಿ ಓಡುವುದು) ಮಾಡಿದಾಗ ಕಾಲು ನೆಲ ಬಿಡುವ ಹೊತ್ತಿಗೆ ಫೋಮ್ ಇನ್ನೂ ಏಳುತ್ತಲೇ ಇತ್ತು. ತಿರುವಿನಲ್ಲಿ ಹೊರಗಡೆಗೆ ಜಾರಿದಂತಾಗುತ್ತಿತ್ತು. ತೂಕವೂ ಒಂದು ಕಾರಣ ಇರಬಹುದು: ಒಂದೊಂದು ಶೂಗೆ 100 ಗ್ರಾಂ ಏರಿದರೆ ಓಟಕ್ಕೆ ಬೇಕಾಗುವ ಶಕ್ತಿ ಸುಮಾರು ಶೇ 1ರಷ್ಟು ಏರುತ್ತದೆ. ನನ್ನ ಹಗುರ ಶೂಗೂ ಇದಕ್ಕೂ 70 ಗ್ರಾಂ ವ್ಯತ್ಯಾಸ, ಅಂದರೆ ಶೇ 1 ಕೂಡ ಇಲ್ಲ. ಹಾಗಾಗಿ ನನ್ನ ಪ್ರಕಾರ ಇಲ್ಲಿ ಫೋಮಿನದೇ ಪಾತ್ರ ದೊಡ್ಡದು. ವಾರಕ್ಕೊಮ್ಮೆ ಇಂಟರ್ವಲ್ ಮಾಡುವವರಿಗೆ ಇನ್ನೊಂದು ಜೊತೆ ಬೇಕೇ ಬೇಕು. ಮಾಡದವರಿಗೆ ಇದೊಂದೇ ಸಾಕು.

ಮಳೆಯಲ್ಲಿ ಎರಡು ಸಲ ಓಡಿದೆ. ಡಾಂಬರಿನ ಮೇಲೆ ಹಿಡಿತ ಚೆನ್ನಾಗಿತ್ತು. ನುಣುಪಾದ ಕಲ್ಲುಹಾಸಿನ ಮೇಲೆ ಜಾರಿತು. ತಳದ ನಡುವೆ ರಬ್ಬರ್ ಇಲ್ಲ, ಬರೀ ಫೋಮ್ ಇದೆ, ಅದು ನೆನೆದರೆ ಸೋಪಿನಂತಾಗುತ್ತದೆ. ಒದ್ದೆ ಶೂವನ್ನು ಬಿಸಿಲಿಗಾಗಲಿ ಹೀಟರಿನ ಮುಂದಾಗಲಿ ಇಡಬೇಡಿ, ಅಂಟು ಬಿಡುತ್ತದೆ, ಫೋಮೂ ಕೆಡುತ್ತದೆ. ಮೆತ್ತೆ ಹೊರತೆಗೆದು, ಒಳಗೆ ಹಳೆಯ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿದರೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ.

ಓಡಿದ ದೂರವನ್ನು ನಾಲಿಗೆಯ ಒಳಬದಿಯಲ್ಲಿ ಪೆನ್ನಿನಿಂದ ಬರೆಯುತ್ತಾ ಬಂದೆ. 300 ಕಿ.ಮೀ. ಹೊತ್ತಿಗೆ ಹಿಮ್ಮಡಿಯ ಹೊರ ಅಂಚಿನ ರಬ್ಬರಿನ ಗೆರೆಗಳು ಅರ್ಧ ಅಳಿಸಿದ್ದವು. ಎರಡೂ ಕಾಲಿನಲ್ಲಿ ಒಂದೇ ಕಡೆ ಸವೆದಿದ್ದರಿಂದ ಯೋಚನೆ ಮಾಡಲಿಲ್ಲ. 450ಕ್ಕೆ ಫೋಮಿನ ಪಕ್ಕದಲ್ಲಿ ಅಡ್ಡ ನೆರಿಗೆಗಳು ಬಂದವು, ಆದರೆ ಕಾಲು ತೆಗೆದ ಮೇಲೆ ಮಾಯವಾಗುತ್ತಿದ್ದವು. 560ರ ಹೊತ್ತಿಗೆ ಅವು ಹಾಗೇ ಉಳಿಯತೊಡಗಿದವು. ಶೂವಿನ ಆಯಸ್ಸು ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಅಂತ ಹೇಳುತ್ತಾರೆ. ಮೈತೂಕ, ರಸ್ತೆ, ಓಡುವ ರೀತಿ ನೋಡಿಕೊಂಡು ಅದು ಹಿಂದೆಮುಂದೆ ಆಗುತ್ತದೆ. ರಬ್ಬರ್ ನೋಡಿ ಮೋಸಹೋಗಬೇಡಿ, ತಳ ಚೆನ್ನಾಗಿ ಕಾಣುವಾಗಲೇ ಫೋಮ್ ಸತ್ತಿರಬಹುದು.

ಅದನ್ನು ಖಚಿತ ಮಾಡಿಕೊಳ್ಳಲು 600 ಕಿ.ಮೀ. ಆದಾಗ ಅದೇ ಮಾಡೆಲಿನ ಹೊಸ ಜೊತೆ ತಂದೆ. ಎಡಗಾಲಿಗೆ ಹಳೆಯದು, ಬಲಗಾಲಿಗೆ ಹೊಸದು ಹಾಕಿಕೊಂಡು 500 ಮೀಟರ್ ನಿಧಾನವಾಗಿ ಓಡಿದೆ, ಆಮೇಲೆ ಅದಲು ಬದಲು ಮಾಡಿ ಇನ್ನೊಂದು 500. ಇದಕ್ಕಿಂತ ಜಾಸ್ತಿ ದೂರ ಹೀಗೆ ಓಡಬಾರದು, ಸೊಂಟ ಹಿಡಿದೀತು. ಯಾವ ಕಾಲಿಗೆ ಹಾಕಿದರೂ ಹಳೆಯದು ಟಪ್ ಅಂತ ಬೀಳುತ್ತಿತ್ತು, ಹೊಸದರ ಸದ್ದು ಕೇಳಿಸುತ್ತಲೇ ಇರಲಿಲ್ಲ. ಹೊಸದರ ಲೇಸನ್ನು ಅಂದೇ ಬಿಚ್ಚಿ, ಕಿಟಕಿ ಬಿಟ್ಟು ಕಟ್ಟಿಟ್ಟೆ. ಹಳೆಯದು ಈಗ ಬರೀ 5 ಕಿ.ಮೀ. ದಿನಗಳಿಗೆ, ನೆರಿಗೆ ಇನ್ನೂ ಆಳವಾಗುವವರೆಗೆ.