ಓವನ್ ಇಲ್ಲದ ಮನೆಯಲ್ಲಿ ಫಿಶ್ ಪೈ: ಕಾರವಾರದ ಅಡುಗೆಮನೆಯಿಂದ

ಬೇಯಿಸಿ ನುಣ್ಣಗೆ ಒತ್ತಿದ ಆಲೂಗಡ್ಡೆ ಮ್ಯಾಶ್ ಮತ್ತು ಬೆಣ್ಣೆ, ಮೈದಾ, ಹಾಲಿನ ಬಿಳಿ ಸಾಸ್. ಇವೆರಡು ಕೈಗೆ ಹತ್ತಿದರೆ ಬ್ರಿಟನ್ನಿನ ಮನೆಗಳಲ್ಲಿ ಸಂಜೆ ಹೊತ್ತು ಮಾಡುವ ಎಷ್ಟೋ ಅಡುಗೆಗಳು ನಿಮಗೆ ಬಂದ ಹಾಗೇ. ಫಿಶ್ ಪೈ ಅಂಥದ್ದೇ ಒಂದು: ಬಿಳಿ ಸಾಸಿನಲ್ಲಿ ಮೀನು, ಅದರ ಮೇಲೆ ಮ್ಯಾಶ್ ಹೊದಿಸಿ ಕೆಂಪಗೆ ಬೇಯಿಸಿದ್ದು. ನಾನು ಇದನ್ನು ಕಲಿತದ್ದು ಹಡಗಿನ ಗ್ಯಾಲಿಯಲ್ಲಿ, ಅಂದರೆ ಹಡಗಿನ ಅಡುಗೆಮನೆಯಲ್ಲಿ, ಬ್ರಿಟಿಷ್ ಆಫೀಸರ್‌ಗಳಿಗೆ ಬೇಯಿಸಿ ಹಾಕುತ್ತ. ಈಗ ಕೋಡಿಬಾಗದ ಮನೆಯಲ್ಲಿ ಮೊಮ್ಮಕ್ಕಳಿಗೆ ಮಾಡುತ್ತೇನೆ. ಮಳೆ ಹಿಡಿದುಕೊಂಡ ಸಂಜೆಗೆ ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ.

ನಮ್ಮ ಕಡೆ ಇಂಗ್ಲಿಷರ ಊಟ ಅಂದ್ರೆ ಸಪ್ಪೆ ಅಂತ ಮಾತು. ಕೆಟ್ಟದಾಗಿ ಮಾಡಿದರೆ ಸಪ್ಪೆಯೇ. ಸರಿಯಾಗಿ ಮಾಡಿದರೆ ಮೀನಿನ ಸಿಹಿ, ಹಾಲಿನ ರುಚಿ, ಮೇಲಿನ ಕೆಂಪು ಪದರದ ಗರಿಗರಿ, ಎಲ್ಲ ಬೇರೆ ಬೇರೆಯಾಗಿ ನಾಲಿಗೆಗೆ ಸಿಗುತ್ತವೆ. ಅದಕ್ಕೇ ಹೇಳುವುದು, ಒಂದು ಸಂಜೆ ಖಾರದಪುಡಿ, ಅರಿಶಿನದ ಡಬ್ಬಿ ಮುಚ್ಚಿಡಿ.

ಮೊದಲು ಮೀನು. ಅಲ್ಲಿಯವರು ಕಾಡ್, ಹ್ಯಾಡಕ್ ಹಾಕುತ್ತಾರೆ. ಬಿಳಿ ಮಾಂಸ, ಬೆಂದರೆ ದಪ್ಪ ಪದರಗಳಾಗಿ ಬಿಡಿಸಿಕೊಳ್ಳುತ್ತದೆ. ನಮಗೆ ಇಸ್ವಾಣ (ಅಂಜಲ್ ಮೀನು) ಬಹಳ ಚೆನ್ನಾಗಿ ಹೊಂದುತ್ತದೆ. ಮಾಂಸ ಗಟ್ಟಿ, ಮುಳ್ಳು ಕಡಿಮೆ. ಕಾಣೆ ಮೀನೂ ಆದೀತು, ಆದರೆ ಮೆತ್ತಗೆ, ಹುಷಾರಾಗಿ ಬೇಯಿಸಬೇಕು. ಬಂಗಡೆ, ತಾರ್ಲೆ (ಬೂತಾಯಿ) ಬೇಡ. ಅವುಗಳ ಎಣ್ಣೆ ಸಾಸನ್ನು ತಿಂದುಹಾಕುತ್ತದೆ. ಅವುಗಳ ಜಾಗ ಕೆಂಪು ಸಾರಿನಲ್ಲೇ. ಮಾರ್ಕೆಟ್ಟಿನಲ್ಲಿ ಸಾರಿನ ತುಂಡು ಮಾಡಿಸಬೇಡಿ. "ಅಕ್ಕಾ, ನಡುಮುಳ್ಳು ತೆಗೆದು ಉದ್ದಕ್ಕೆ ಸೀಳಿಕೊಡಿ, ತಲೆ, ಮುಳ್ಳು ಬೇರೆ ಕಟ್ಟಿ" ಅನ್ನಿ. ತಲೆ, ಮುಳ್ಳು ಯಾಕೆ ಅಂತ ಮುಂದೆ ಹೇಳುತ್ತೇನೆ.

ಜೂನ್ 1ರಿಂದ ಜುಲೈ 31ರ ತನಕ ಟ್ರಾಲರ್‌ಗಳು ಕಡಲಿಗೆ ಇಳಿಯುವುದಿಲ್ಲ. ಆಗ ಹಳೆಯ ಐಸ್ ಮೀನಿಗೆ ದುಡ್ಡು ಸುರಿಯಬೇಡಿ. ಹೊಳೆಯ ಸಿಗಡಿ ಸಿಕ್ಕರೆ ಅದನ್ನೇ ಜಾಸ್ತಿ ಹಾಕಿ, ಇನ್ನೆರಡು ಮೊಟ್ಟೆ ಸೇರಿಸಿ.

ನಾಲ್ಕು ಜನರಿಗೆ ಲೆಕ್ಕ ಹೀಗೆ: ಸೀಳಿದ ಮೀನು ಅರ್ಧ ಕಿಲೋ, ಸುಲಿದ ಸಿಗಡಿ 150 ಗ್ರಾಂ, ಬೇಯಿಸಿದ ಮೊಟ್ಟೆ 3, ಹಾಲು 600 ಮಿ.ಲೀ., ಬೆಣ್ಣೆ 50 ಗ್ರಾಂ, ಮೈದಾ 50 ಗ್ರಾಂ, ಆಲೂಗಡ್ಡೆ 1 ಕಿಲೋ. ಮ್ಯಾಶ್‌ಗೆ ಬೇರೆ ಸ್ವಲ್ಪ ಹಾಲು, ಬೆಣ್ಣೆ. ಒಂದು ಈರುಳ್ಳಿ, ಒಂದು ದಾಲ್ಚಿನ್ನಿ ಎಲೆ, ಕಾಳುಮೆಣಸು, ಒಂದು ಜಾಯಿಕಾಯಿ. ಮೆಣಸು, ಜಾಯಿಕಾಯಿ ಎರಡೂ ನಮ್ಮ ಶಿರಸಿ ಕಡೆಯ ತೋಟದ್ದೇ ಸಿಗುತ್ತದೆ, ಡಬ್ಬಿ ಪುಡಿ ತರಬೇಡಿ. ಅಲ್ಲಿ ಹಾಕುವ ಪಾರ್ಸ್ಲಿ ಬದಲು ನಾನು ಸಬ್ಬಸಿಗೆ ಸೊಪ್ಪು ಹಾಕುತ್ತೇನೆ. ಕೊತ್ತಂಬರಿ ಹಾಕಿದರೆ ರುಚಿ ಬೇರೆ ಕಡೆಗೇ ಹೊರಟುಬಿಡುತ್ತದೆ.

ಮೀನಿಗೆ ನಿಂಬೆಹುಳಿ, ಅರಿಶಿನ ಸವರುವುದು ನಮ್ಮ ಕೈಗೆ ಬಂದುಬಿಟ್ಟ ಅಭ್ಯಾಸ. ಇಲ್ಲಿ ಸವರಬೇಡಿ, ಹಾಲು ಒಡೆಯುತ್ತದೆ. ಬರೀ ತೊಳೆದು ನೀರು ಒರೆಸಿ. ಹಾಲಿಗೆ ಅರ್ಧ ಈರುಳ್ಳಿ, ಎಲೆ, ನಾಲ್ಕು ಕಾಳುಮೆಣಸು ಹಾಕಿ ಸಣ್ಣ ಉರಿಯಲ್ಲಿಡಿ. ಅಂಚಿನಲ್ಲಿ ಸಣ್ಣ ಗುಳ್ಳೆ ಬಂದಾಗ ಮೀನು ಇಳಿಸಿ. ಕುದಿಯಲು ಬಿಡಬೇಡಿ. ಆರೇಳು ನಿಮಿಷ ಸಾಕು. ಚಮಚದ ಹಿಂಬದಿಯಿಂದ ಒತ್ತಿದರೆ ಪದರ ಬಿಟ್ಟುಕೊಳ್ಳಬೇಕು. ತೆಗೆದು ದೊಡ್ಡ ದೊಡ್ಡ ತುಂಡು ಮಾಡಿ, ಬೆರಳಲ್ಲಿ ತಡವಿ ಮುಳ್ಳು ಆರಿಸಿ. ಮಕ್ಕಳು ತಿನ್ನುವ ಊಟ, ಈ ಕೆಲಸ ಅವಸರದಲ್ಲಿ ಮಾಡಬಾರದು. ಹಾಲು ಸೋಸಿ ಇಟ್ಟುಕೊಳ್ಳಿ. ಅದರಲ್ಲೇ ಸಾಸ್.

ಬಿಳಿ ಸಾಸಿಗೆ ದಪ್ಪ ತಳದ ಪಾತ್ರೆ ಬೇಕು. ಬೆಣ್ಣೆ ಕರಗಿಸಿ ಮೈದಾ ಹಾಕಿ, ಎರಡು ನಿಮಿಷ ಕೈ ಬಿಡದೆ ತಿರುವಿ. ಹಸಿ ಹಿಟ್ಟಿನ ವಾಸನೆ ಹೋಗಿ ಬಿಸ್ಕತ್ತಿನ ವಾಸನೆ ಬರುತ್ತದೆ. ಬಣ್ಣ ಮಾತ್ರ ಬದಲಾಗಬಾರದು. ಈಗ ಬಿಸಿ ಹಾಲು ಒಂದು ಸೌಟು. ಮೊದಲ ಸೌಟಿಗೆ ಅದು ಮುದ್ದೆ ಕಟ್ಟುತ್ತದೆ, ಹೆದರಬೇಡಿ. ಎಲ್ಲ ನುಣ್ಣಗಾದ ಮೇಲೆಯೇ ಎರಡನೆಯ ಸೌಟು. ಹೀಗೇ ಹಾಲೆಲ್ಲ ಮುಗಿಸಿ, ಐದು ನಿಮಿಷ ಸಣ್ಣಗೆ ಕುದಿಸಿ. ಚಮಚದ ಬೆನ್ನ ಮೇಲೆ ಬೆರಳಲ್ಲಿ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಸಾಸ್ ಆಯಿತು. ಉಪ್ಪು ಈಗ ಹಾಕಿ. ಮೆಣಸಿನಪುಡಿ ಅಂದರೆ ಕಾಳುಮೆಣಸಿನದು, ಜೊತೆಗೆ ಜಾಯಿಕಾಯಿ ನಾಲ್ಕು ಸಲ ತುರಿದಷ್ಟು. ಸಿಗಡಿಯನ್ನು ಹಸಿಯಾಗಿಯೇ ಸಾಸಿಗೆ ಹಾಕಿ, ಬಣ್ಣ ತಿರುಗುವ ತನಕ ಕುದಿಸಿ.

ಆಲೂಗಡ್ಡೆಗೆ ಬರೋಣ. ಜನ ಸೋಲುವುದು ಇಲ್ಲೇ. ಹೊಸ ಆಲೂಗಡ್ಡೆ, ತೆಳು ಸಿಪ್ಪೆಯದು, ಬೇಡ. ಅಂಟಂಟಾಗುತ್ತದೆ. ಹಳೆಯದು, ಬೆಂದರೆ ಹಿಟ್ಟಿನಂತೆ ಉದುರುವುದು ಬೇಕು. ಕುಕ್ಕರ್ ಬಿಟ್ಟುಬಿಡಿ. ಸಿಪ್ಪೆ ತೆಗೆದು ದೊಡ್ಡ ಹೋಳು ಮಾಡಿ, ತಣ್ಣೀರಿಗೆ ಉಪ್ಪು ಹಾಕಿ ಅಲ್ಲಿಂದಲೇ ಕುದಿಸಿ. ಬಿಸಿನೀರಿಗೆ ಹಾಕಿದರೆ ಹೊರಗೆ ಕರಗುತ್ತದೆ, ಒಳಗೆ ಗಟ್ಟಿಯೇ ಉಳಿಯುತ್ತದೆ. ಬೆಂದ ಮೇಲೆ ನೀರು ಬಸಿದು, ಅದೇ ಬಿಸಿ ಪಾತ್ರೆಗೆ ಮತ್ತೆ ಹಾಕಿ, ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಅಲ್ಲಾಡಿಸಿ. ಹಬೆ ಎದ್ದು ಹೋಗುತ್ತದೆ. ಹೋಳಿನ ಮೇಲೆ ಬಿಳಿ ಪುಡಿ ಕೂತ ಹಾಗೆ ಕಾಣಬೇಕು. ಆ ನೀರು ಹೋದ ಜಾಗಕ್ಕೇ ಬೆಣ್ಣೆ ಇಳಿಯುವುದು.

ಮಿಕ್ಸಿಗೆ ಹಾಕಲೇಬೇಡಿ. ಬ್ಲೇಡು ಆಲೂಗಡ್ಡೆಯ ಪಿಷ್ಟವನ್ನೆಲ್ಲ ಒಡೆದು ಗೋಂದು ಮಾಡಿಬಿಡುತ್ತದೆ. ಅಲ್ಲಿ ಒಳ್ಳೆಯ ಅಡುಗೆಯವರು ಬೆಂದ ಆಲೂಗಡ್ಡೆಯನ್ನು ಸಣ್ಣ ತೂತುಗಳಿಂದ ಒತ್ತಿ ತೆಗೆಯುವ ಪೊಟ್ಯಾಟೊ ರೈಸರ್ ಬಳಸುತ್ತಾರೆ. ಅಂಥದ್ದೇ ಒಂದು ನಿಮ್ಮ ಮನೆಯ ಅಟ್ಟದ ಮೇಲೆ ಇದೆ: ಚಕ್ಕುಲಿ ಒರಳು. ಸಣ್ಣ ತೂತಿನ ಶಾವಿಗೆ ಬಿಲ್ಲೆ ಹಾಕಿ ಬಿಸಿ ಇರುವಾಗಲೇ ಒತ್ತಿ. ಎಳೆ ಎಳೆಯಾಗಿ ಹಗುರವಾಗಿ ಬೀಳುತ್ತದೆ, ಒಂದು ಗಂಟೂ ಇರುವುದಿಲ್ಲ. ಮೊದಲು ಬೆಣ್ಣೆ, ಆಮೇಲೆ ಬಿಸಿ ಹಾಲು ಸ್ವಲ್ಪ ಸ್ವಲ್ಪ. ಮರದ ಸೌಟಿನಲ್ಲಿ ಮಡಚಿ. ನಾದಬೇಡಿ.

ಅಗಲವಾದ ಪಾತ್ರೆಗೆ ಮೀನು, ನಾಲ್ಕು ಭಾಗ ಮಾಡಿದ ಮೊಟ್ಟೆ, ಸಬ್ಬಸಿಗೆ ಹರಡಿ, ಸಾಸ್ ಸುರಿಯಿರಿ. ಸಾಸ್ ಆರಿ ಕೆನೆ ಕಟ್ಟುವ ತನಕ ಕಾಯಿರಿ. ಬಿಸಿ ಸಾಸಿನ ಮೇಲೆ ಮ್ಯಾಶ್ ಇಟ್ಟರೆ ಮುಳುಗುತ್ತದೆ. ಅಂಚಿನಿಂದ ಶುರು ಮಾಡಿ ಒಳಗಡೆಗೆ ಮುಚ್ಚುತ್ತ ಬನ್ನಿ, ಮುಳ್ಳುಚಮಚದಿಂದ ಗೆರೆ ಎಳೆಯಿರಿ. ಎದ್ದ ಗೆರೆಗಳೇ ಕೆಂಪಾಗುವುದು.

ಓಟಿಜಿ, ಅಂದರೆ ಸಣ್ಣ ಕರೆಂಟ್ ಓವನ್, ಇದ್ದರೆ 200 ಡಿಗ್ರಿಯಲ್ಲಿ 25ರಿಂದ 30 ನಿಮಿಷ. ಇಲ್ಲದಿದ್ದರೆ ದಪ್ಪ ಬಾಣಲೆಯೊಳಗೆ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಪಾತ್ರೆ ಇಟ್ಟು, ಕಬ್ಬಿಣದ ತಟ್ಟೆ ಮುಚ್ಚಿ, ಸಣ್ಣ ಉರಿ. ಮುಚ್ಚಳದ ಮೇಲೆ ಗರಟೆಯ ಕೆಂಡ ಹರಡಿ. ಗೋವಾದವರು ಪದರ ಪದರದ ಸಿಹಿ ಬೆಬಿಂಕಾ ಮಾಡುವುದು ಹೀಗೇ ಅಲ್ವಾ, ಮೇಲಿನ ಬೆಂಕಿಯಲ್ಲಿ. ಕೆಂಡ ಹಾಕಲು ಜಾಗ ಇಲ್ಲದ ಫ್ಲ್ಯಾಟಿನವರು ಕಬ್ಬಿಣದ ಕಾವಲಿಯನ್ನು ಹೊಗೆ ಬರುವಷ್ಟು ಕಾಯಿಸಿ, ಇಕ್ಕಳದಲ್ಲಿ ಗಟ್ಟಿಯಾಗಿ ಹಿಡಿದು ಮ್ಯಾಶಿಗೆ ಅರ್ಧ ಇಂಚು ಮೇಲೆ ಹಿಡಿಯಿರಿ. ಇದು ನನ್ನ ಉಪಾಯವಲ್ಲ. ಗ್ರಿಲ್ ಬರುವ ಮುಂಚೆ ಇಂಗ್ಲೆಂಡಿನ ಅಡುಗೆಮನೆಗಳಲ್ಲಿ ಉದ್ದ ಹಿಡಿಯ ಕಬ್ಬಿಣದ ಬಿಲ್ಲೆಯೊಂದಿತ್ತು, ಸಾಲಮಾಂಡರ್ ಅಂತ ಹೆಸರು. ಅದನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಹೀಗೇ ಹಿಡಿಯುತ್ತಿದ್ದರು. ಮಕ್ಕಳನ್ನು ಆ ಹೊತ್ತು ಹೊರಗೆ ಕಳಿಸಿ.

ಇನ್ನು ಮುಖ್ಯ ವಿಷಯ. ಹಾಲು, ಮೀನು ಒಟ್ಟಿಗೆ ತಿನ್ನಬಾರದು ಅಂತ ನಮ್ಮ ಹಿರಿಯರ ಮಾತು. ಆಯುರ್ವೇದವೂ ಅದನ್ನು ವಿರುದ್ಧ ಆಹಾರ ಅನ್ನುತ್ತದೆ. ಬ್ರಿಟನ್ನಿನಲ್ಲಿ ತಲೆತಲಾಂತರದಿಂದ ಇದನ್ನೇ ತಿಂದು ಬಂದಿದ್ದಾರೆ, ನಾನೂ ತಿನ್ನುತ್ತೇನೆ. ಆದರೆ ಮನಸ್ಸು ಒಪ್ಪದವರ ತಟ್ಟೆಗೆ ಅದನ್ನು ಬಡಿಸುವುದು ಸರಿಯಲ್ಲ. ನನ್ನ ಅತ್ತೆ ಮುಟ್ಟುವುದಿಲ್ಲ. ಅವರಿಗೆ ಬೇರೆ ಸಣ್ಣ ಪಾತ್ರೆಯಲ್ಲಿ ಮಾಡುತ್ತೇನೆ. ಆ ತಲೆ, ಮುಳ್ಳು ಇದಕ್ಕೇ. ಈರುಳ್ಳಿ ಹಾಕಿ 20 ನಿಮಿಷ ಕುದಿಸಿ ಸೋಸಿದರೆ ಒಳ್ಳೆಯ ಮೀನಿನ ರಸ. ಅವರ ಪಾಲಿನ ಮೀನನ್ನೂ ಈ ರಸದಲ್ಲೇ ಬೇಯಿಸಿ. ಬೆಣ್ಣೆ ಬದಲು ಎಣ್ಣೆಯಲ್ಲಿ ಮೈದಾ ಹುರಿದು, ಹಾಲಿನ ಬದಲು ಈ ರಸ ಹಾಕಿ. ಮ್ಯಾಶಿಗೂ ಎಣ್ಣೆ ಮತ್ತು ಇದೇ ರಸ. ರುಚಿಯಲ್ಲಿ ಒಂದು ಕೂದಲೂ ಕಡಿಮೆ ಇಲ್ಲ. "ಇದರಲ್ಲಿ ಹಾಲಿಲ್ಲ ಅಲ್ವೇನೋ?" ಅಂತ ಪ್ರತಿ ಸಲ ಕೇಳಿ, ಆಮೇಲೆ ಇನ್ನೊಂದು ಚಮಚ ಹಾಕಿಸಿಕೊಳ್ಳುತ್ತಾರೆ.

ಮಟನ್ ತಿನ್ನುವ ದಿನ ಅದೇ ಮ್ಯಾಶ್ ಶೆಫರ್ಡ್ಸ್ ಪೈ ಆಗುತ್ತದೆ. ಕುರಿ ಖೀಮಾವನ್ನು ಒಮ್ಮೆಲೇ ಸುರಿಯಬೇಡಿ, ನೀರು ಬಿಟ್ಟು ಬೇಯುತ್ತದೆ. ಕಾದ ಬಾಣಲೆಗೆ ಸ್ವಲ್ಪ ಸ್ವಲ್ಪ ಹಾಕಿ, ತಳ ಹಿಡಿಯುವಷ್ಟು ಕಂದು ಮಾಡಿ. ಆ ತಳದ್ದೇ ಗ್ರೇವಿಯ ಜೀವ. ಆಮೇಲೆ ಈರುಳ್ಳಿ, ಗಜ್ಜರಿ, ಒಂದು ಚಮಚ ಮೈದಾ, ನೀರು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಇದಕ್ಕೆ ವೂಸ್ಟರ್ ಸಾಸ್ ಬೇಕು ಅಂತಾರೆ. 1837ರಿಂದ ಮಾರುತ್ತ ಬಂದ ಆ ಸಾಸಿನಲ್ಲಿ ಇರುವುದು ವಿನೆಗರ್, ಹುಣಸೆ, ಉಪ್ಪು ಹಾಕಿದ ಸಣ್ಣ ಮೀನು, ಸಕ್ಕರೆ ಪಾಕ. ನಮ್ಮ ಮನೆಯಲ್ಲಿ ಇಲ್ಲದ್ದು ಏನಿದೆ? ಒಂದು ಚಮಚ ಹುಣಸೆ ರಸ, ಚೂರು ಬೆಲ್ಲ, ನಾಲ್ಕು ಹನಿ ವಿನೆಗರ್, ಚಿಟಿಕೆ ಒಣ ಸಿಗಡಿ ಪುಡಿ ಹಾಕಿ ನೋಡಿ.

ಸಸ್ಯಾಹಾರಿಗಳು ಬಂದರೆ ಹೂಕೋಸನ್ನು ಮುಕ್ಕಾಲು ಬೇಯಿಸಿ, ನೀರು ಪೂರ್ತಿ ಬಸಿದು, ಬಿಳಿ ಸಾಸಿಗೆ ತುರಿದ ಚೀಸ್, ಸ್ವಲ್ಪ ಸಾಸಿವೆ ಪುಡಿ ಸೇರಿಸಿ ಮೇಲೆ ಹಾಕಿ, ಅದೇ ಬಾಣಲೆ, ಅದೇ ಕೆಂಡ.

ಪೈ ಜೊತೆ ಬೇಯಿಸಿದ ಬಟಾಣಿ ಸಾಕು. ಅನ್ನ ಇಲ್ಲದೆ ಊಟ ಆಗದವರಿಗೆ ಒಂದು ಮುಷ್ಟಿ ಅನ್ನ, ಕೋಕಂ ಮತ್ತು ತೆಂಗಿನಹಾಲಿನ ಸೋಲ್ಕಡಿ ಬೇರೆ ಇಡಿ, ಪೈ ಮೇಲೆ ಮಾತ್ರ ಸುರಿಯಲು ಬಿಡಬೇಡಿ.

ಮ್ಯಾಶ್ ಸ್ವಲ್ಪ ಜಾಸ್ತಿಯೇ ಮಾಡಿ. ಉಳಿದದ್ದಕ್ಕೆ ಬೇಯಿಸಿದ ಕೋಸು ಬೆರೆಸಿ, ದೋಸೆ ಕಾವಲಿಯಲ್ಲಿ ಬೆಣ್ಣೆ ಹಾಕಿ ದಪ್ಪಗೆ ತಟ್ಟಿ. ಅಲ್ಲಿ ಇದಕ್ಕೆ ಬಬಲ್ ಆ್ಯಂಡ್ ಸ್ಕ್ವೀಕ್ ಅನ್ನುತ್ತಾರೆ, ಭಾನುವಾರದ ಊಟದ ಉಳಿಕೆಯಿಂದ ಸೋಮವಾರ ಮಾಡುತ್ತಾರೆ. ಅಡಿ ಪೂರ್ತಿ ಕೆಂಪಾಗದೆ ಮಗುಚಬೇಡಿ, ಒಡೆಯುತ್ತದೆ. ಮೀನಿನ ಪೈ ಉಳಿದರೆ ಆರಿದ ಕೂಡಲೇ ಫ್ರಿಜ್ಜಿಗೆ. ಮರುದಿನ ಮಧ್ಯಾಹ್ನ ಒಳಗಿನ ತನಕ ಹಬೆಯಾಡುವಂತೆ ಬಿಸಿ ಮಾಡಿ ಮುಗಿಸಿ, ಮೂರನೆಯ ಹೊತ್ತಿಗೆ ಇಡಬೇಡಿ.